ಅಣ್ಣಗ ಹ್ಯಾಂಗ ಬೈಯೋದು

ನಮ್ಮ ಮನ್ಯಾಗ ಜಗಳ ಸುರು ಆಗಿದ್ದು ಎರಡು ಟೊಪಗಿ ಬಂದ ಮ್ಯಾಲ. ಬಟ್ಟಿ ಟೊಪಗಿ ಅಲ್ಲರಿ, ಕಟ್ಟಡದ ಕೆಲಸದಾಗ ತಲಿಗೆ ಹಾಕ್ಕೋತಾರಲ್ಲ, ಗಟ್ಟಿ ಪ್ಲಾಸ್ಟಿಕ್ಕಿಂದು, ಅದು. ದೊಡ್ಡ ಮಗ ಶ್ರೀಶೈಲಂದು ಹಳದಿ, ಸಣ್ಣ ಮಗ ಅಮಿತಂದು ಬಿಳಿ. ಹಳದಿ ಅಂದ್ರ ಕೆಲಸಗಾರ, ಬಿಳಿ ಅಂದ್ರ ಸಾಹೇಬ. ಒಂದ ಹೊಟ್ಟ್ಯಾಗ ಹುಟ್ಟಿ ಒಂದ ತಾಟಿನ್ಯಾಗ ಉಂಡವ್ರು, ಈಗ ತಲಿ ಮ್ಯಾಲಿನ ಬಣ್ಣ ಬ್ಯಾರೆ ಆತು. ಹುಟ್ಟೂತ ಅಣ್ಣತಮ್ಮ, ಬೆಳೀತ ದಾಯಾದಿ ಅಂತ ಹಿರ್ಯಾರು ಸುಮ್ಮ ಹೇಳಿಲ್ಲ.

ನಾ ಗುರವ್ವ, ಮನಗೂಳಿಯಾಕಿ. ಗಂಡ ಸತ್ತ ಮ್ಯಾಲೂ ಎರಡು ಮಕ್ಕಳು, ಎರಡು ಸೊಸ್ತ್ಯಾರನ್ನ ಒಂದ ಒಲಿ ಮ್ಯಾಲ ಇಟಗೊಂಡು ಬಾಳೇ ಮಾಡಿದಾಕಿ. ಶ್ರೀಶೈಲ ಗೌಂಡಿ. ಗ್ವಾಡಿಗೆ ಗಿಲಾವ ಮಾಡೋದ್ರಾಗ ಅವನ ಕೈ ಹಿಡಿಯೋರಿಲ್ಲ, ಅವ ಸಿಮೆಂಟು ಮೆತ್ತಿದ ಗ್ವಾಡಿ ಮ್ಯಾಲ ಅಂಗೈ ಇಟ್ರ ಜಾರತೈತಿ. ಅಮಿತ ವಿಜಯಪುರದಾಗ ಡಿಪ್ಲೊಮಾ ಕಲತ. ಬಸವನ ಬಾಗೇವಾಡ್ಯಾಗ ಒಬ್ಬ ಗುತ್ತೇದಾರ ದೊಡ್ಡ ಹಾಸ್ಟೆಲ್ ಕಟ್ಟಾಕತ್ತಿದ್ದ. ಅಲ್ಲಿ ಇಬ್ಬರಿಗೂ ಕೆಲಸ ಸಿಕ್ತು. ಅಮಿತಗ ಕೊಟ್ಟ ಕೆಲಸ ಏನಂದ್ರ, ಮಂದಿ ಬೀಳದಂಗ ನೋಡಕೊಳ್ಳೋದು. ಮುಂಜಾನೆದ್ದು ಅಟ್ಟಣಿಗಿ ಗಟ್ಟಿ ಐತೋ ಇಲ್ಲೋ ನೋಡಬೇಕು, ಯಾರು ಬೆಲ್ಟು ಹಾಕ್ಯಾರ ಯಾರು ಹಾಕಿಲ್ಲ ನೋಡಬೇಕು, ಹಾಕದವ್ರಿಗೆ ಬೈಬೇಕು.

ಶ್ರೀಶೈಲಗ ಇದು ಮೊದಲನೇ ದಿನಾನ ಚುಚ್ಚಿತು. ತಮ್ಮನ ಮುಂದ ನಿಂತು ಬೆಲ್ಟು ತೋರಸಬೇಕು ಅಂದ್ರ ಯಾವ ಅಣ್ಣಗ ಸಹನ ಆದೀತು? ಮನಿಗೆ ಬಂದು ಊಟದ ಮುಂದ ಕೂತು, ಸಾಹೇಬರಿಗೆ ಮೊದಲ ಬಡಸ್ರಿ ಅಂದ. ಅಮಿತ ತಲಿ ತಗ್ಗಿಸಿ ರೊಟ್ಟಿ ಮುರದ. ಅವ ಅಣ್ಣಗ ಎದುರಾಡಿದವನಲ್ಲ. ಇವತ್ತಿಗೂ ಅಣ್ಣ ಹೊರಸಿನ ಮ್ಯಾಲ ಕೂತಿದ್ರ ತಾ ಕೆಳಗ ಕಟ್ಟಿ ಮ್ಯಾಲ ಕೂಡಾವ. ದೊಡ್ಡವ ತಪ್ಪು ಮಾಡಿದ್ರೂ ಸಣ್ಣವ ಬಾಯಿ ತಗೀಬಾರದು ಅಂತ ನಾನ ಕಲಿಸಿದ್ದೆ. ಓಣ್ಯಾಗ ಮಂದಿ ಹೊಗಳ್ತಿದ್ರು, ನನಗೂ ಉಬ್ಬು ಬರ್ತಿತ್ತು.

ಗಂಡಸರದು ಇಷ್ಟಾದ್ರ ಹೆಂಗಸರದು ಕೇಳಬ್ಯಾಡ್ರಿ. ಸಣ್ಣ ಸೊಸಿ ಭುವನೇಶ್ವರಿ ಸಿಂದಗಿ ಕಡೇದಾಕಿ, ಬಾಯಿ ಮೆತ್ತಗ, ಮನಸ್ಸು ಬೆರಕಿ. ಗಂಡನ ಬಿಳಿ ಟೊಪಗಿ ಒರಸಿ ಒರಸಿ ದೇವರ ಮಾಡದಾಗ ಇಡಾಕತ್ತಿದ್ಲು. ದೊಡ್ಡ ಸೊಸಿ ಸುವರ್ಣಾ ಅದನ್ನ ನೋಡಿದ್ಲು. ಐತವಾರ ಸೂಟಿ ಇತ್ತು. ಆಕಿ ತನ್ನ ಗಂಡನ ಹಳದಿ ಟೊಪಗಿ ತಂದು ಅದರಾಗ ಉಳ್ಳಾಗಡ್ಡಿ ತುಂಬಿ ಒಲಿ ಮಗ್ಗಲಕ ಇಟ್ಲು. ಯಾಕವ್ವ ಹಿಂಗ ಅಂದ್ರ, ಕೆಲವರ ಟೊಪಗಿಗೆ ಊದಿನಕಡ್ಡಿ ಹಚ್ಚತಾರ್ರೀ ಅತ್ತಿ, ನಮ್ಮ ಟೊಪಗಿ ಕೂಳಿಗಾದ್ರೂ ಬರಲಿ ಅಂದ್ಲು. ಭುವನೇಶ್ವರಿ ಮರುದಿನ ಗಂಡನ ಬುತ್ತಿಗೆ ಒಂದು ಚಮಚಾ ತುಪ್ಪ ಜಾಸ್ತಿ ಬಿಟ್ಲು, ಸುವರ್ಣಾ ನೋಡೂಹಂಗ. ನನಗೂ ಹೊಟ್ಟಿಕಿಚ್ಚು ಗೊತ್ತಿಲ್ಲಂತಲ್ಲ, ನನ್ನ ನೆಗೆಣ್ಣಿ ಮೂಗುತಿ ಇವತ್ತಿಗೂ ನನ್ನ ಕಣ್ಣಾಗ ಕುಟ್ಟತೈತಿ. ಆದ್ರ ಇವರದು ಊಟ ಕೆಡಿಸೂ ಮಟಾ ಹೋತು.

ಈಗ ಶ್ರೀಶೈಲ ಬಿದ್ದ ಸುದ್ದಿ ಹೇಳ್ತೇನಿ. ಮುಚ್ಚಿಟ್ಟು ಕಡೀಕ ಹೇಳೋ ಸ್ವಭಾವ ನಂದಲ್ಲ. ಆವಾಗ ನನಗ ಗೊತ್ತಿರಲಿಲ್ಲ, ಈಗ ಗೊತ್ತೈತಿ, ಅದಕ್ಕ ಮೊದಲ ಹೇಳಿಬಿಡ್ತೇನಿ. ಅಟ್ಟಣಿಗಿ ಅಂದ್ರ ಉದ್ದುದ್ದ ಕಂಬ ನಿಲ್ಲಿಸಿ ಮ್ಯಾಲ ಹಲಗಿ ಹಾಸಿರ್ತಾರಲ್ಲ. ಆ ಕಂಬ ಆಚೀಚಿ ಸರೀಬಾರದು ಅಂತ ಕೆಳಗ ಒಂದು ಅಡ್ಡ ಬೊಂಬು ಬಿಗದಿರ್ತಾರ. ಅದನ್ನ ಅಮಿತ ನಿಂತು ಕಟ್ಟಿಸಿದ್ದ. ಆದ್ರ ಅದರ ಕೆಳಗ ಹೆಣ್ಮಕ್ಕಳು ತಲಿ ಮ್ಯಾಲ ಸಿಮೆಂಟಿನ ಪುಟ್ಟಿ ಹೊತಗೊಂಡು ಹೋಗೋ ದಾರಿ. ಪುಟ್ಟಿ ಬೊಂಬಿಗೆ ತಾಕತಿತ್ತು, ಬಗ್ಗಿದ್ರ ಚೆಲ್ಲತಿತ್ತು. ಅವ್ರು ಶ್ರೀಶೈಲನ ಮುಂದ ಅತ್ರು. ಅವ ದಿನಾ ಮುಂಜಾನೆ ಅಮಿತ ನೋಡಿ ಹೋದ ಮ್ಯಾಲ ಆ ಬೊಂಬು ಬಿಚ್ಚತಿದ್ದ, ಸಂಜೀಕ ಮತ್ತ ಕಟ್ಟತಿದ್ದ. ಒಂದು ದಿನ ಮ್ಯಾಲ ಸಿಮೆಂಟಿನ ಭಾರ ಜಾಸ್ತಿ ಆತು. ಕೆಳಗ ಬೊಂಬು ಇರಲಿಲ್ಲ. ಕಂಬ ಬಾಯಿ ಬಿಟ್ಟು ಅಟ್ಟಣಿಗಿ ಕುಸೀತು, ಬೆಲ್ಟು ಕಟ್ಟಿದ್ದೂ ಅದ ಕಂಬಕ್ಕ, ನನ್ನ ಮಗ ಹಲಗಿ ಸಮೇತ ಕೆಳಗ ಬಿದ್ದ. ಬಲಗಾಲು ಎರಡು ಕಡೆ ಮುರೀತು.

ದವಾಖಾನ್ಯಾಗ ಕಾಲಿಗೆ ರಾಡು ಹಾಕಿ ಮನಿಗೆ ಕಳಿಸಿದ್ರು. ಖರ್ಚು ಗುತ್ತೇದಾರ ನೋಡಕೊಂಡ, ಅದರ ಬಗ್ಗೆ ನನ್ನ ತಕರಾರಿಲ್ಲ. ಪಡಸಾಲ್ಯಾಗ ಹೊರಸು ಹಾಕಿ ಮಲಗಿಸಿದ್ವಿ. ನೀರು ತರೋದು, ಗಂಡನ್ನ ಎಬ್ಬಿಸೋದು, ಮೈ ಒರಸೋದು, ಎಲ್ಲಾ ಸುವರ್ಣಾನ ತಲಿ ಮ್ಯಾಲ ಬಿತ್ತು. ಭುವನೇಶ್ವರಿ ರೊಟ್ಟಿ ಬಡೀತೇನಕ್ಕಾ ಅಂತ ಬಂದು ಹಿಟ್ಟಿಗೆ ಕೈ ಹಚ್ಚಿದ್ರ, ನಿನ್ನ ಗಂಡನ ಕೈಯಾಗ ನನ್ನ ಗಂಡನ ಜೀವ ಇತ್ತು, ನೋಡಕೊಂಡ್ನಲ್ಲ ಚಲೋ ಅಂದ್ಲು. ಭುವನೇಶ್ವರಿ ಹಿಟ್ಟಿನ ಕೈ ಹಂಗ ತೊಳಕೊಂಡು ಹೊರಗ ಹೋದ್ಲು.

ಒಂದು ವಾರದ ಮ್ಯಾಲ ತಪಾಸ ಮಾಡಾಕ ಒಬ್ಬಾಕಿ ಬಂದ್ಲು. ಶಿವಾನಿ ಅಂತ, ಭಾಳ ವಯಸ್ಸಿನಾಕಿ ಅಲ್ಲ. ಗುತ್ತೇದಾರಗ ಕೆಲಸ ಕೊಟ್ಟ ಹುಬ್ಬಳ್ಳಿ ಕಂಪನಿಯವ್ರು ಕಳಿಸಿದ್ರು. ಕುರ್ಚಿ ಕೊಟ್ರ ಬ್ಯಾಡ ಅಂದು ಚಾಪಿ ಮ್ಯಾಲ ಕೂತ್ಲು, ಚಾ ಕುಡದ್ಲು. ಆಮ್ಯಾಲ ಅಂದ್ಲು:

“ಯಾರ ತಪ್ಪು ಅಂತ ಹುಡುಕಾಕ ನಾ ಬಂದಿಲ್ರಿ. ಯಾಕ ಬಿದ್ರಿ ಅಂತ ತಿಳಕೊಳ್ಳಾಕ ಬಂದೇನಿ. ಅದು ಗೊತ್ತಾಗಲಿಲ್ಲಂದ್ರ ಅದ ಜಾಗಾದಾಗ ಇನ್ನೊಬ್ಬ ಬೀಳ್ತಾನ.”

ಈ ಮಾತು ನಮ್ಮ ಮನ್ಯಾಗ ಒಬ್ಬರೂ ನಂಬಲಿಲ್ಲ. ತಪ್ಪು ಹುಡುಕದ ವಿಚಾರಣಿ ಎಲ್ಲ್ಯಾರ ಇರತೈತೇನು? ಪೊಲೀಸರು ಬಂದ್ರೂ, ಪಂಚಾಯತಿ ಕೂಡಿದ್ರೂ, ಕಡೀಕ ಒಬ್ಬನ ಹೆಸರು ಬರದ ಎದ್ದು ಹೋಗೋದು. ಸುವರ್ಣಾ ಬಾಗಲ ಸಂದ್ಯಾಗ ನಿಂತು ಗಂಡನ ಮಾರಿ ನೋಡಾಕತ್ತಿದ್ಲು. ಶ್ರೀಶೈಲ ತಮ್ಮನ ಕಡೆ ಒಮ್ಮೆ ನೋಡಿದ. ಅಮಿತ ಕೆಲಸದಿಂದ ಹಂಗ ಬಂದವ, ಬಿಳಿ ಟೊಪಗಿ ತೊಡಿ ಮ್ಯಾಲ ಇಟಗೊಂಡು ಕೂತಿದ್ದ.

ಹಗ್ಗ ಹಳೇದಾಗಿದ್ವು, ಸಡಲ ಬಿದ್ದಿದ್ವು ಅಂದ ಶ್ರೀಶೈಲ. ಅವತ್ತು ಮುಂಜಾನೆ ಅಮಿತ ಅಟ್ಟಣಿಗಿ ನೋಡಾಕ ಬರಲೇ ಇಲ್ಲ, ಬಂದಿದ್ರ ಹಗ್ಗ ಸಡಲಾಗಿದ್ದು ಕಾಣತಿತ್ತು ಅಂದ.

ಶಿವಾನಿ ಅಮಿತನ ಕಡೆ ತಿರುಗಿ, ಖರೇನ್ರಿ ಅಂತ ಕೇಳಿದ್ಲು. ನನ್ನ ಸಣ್ಣ ಮಗನ ಮಾರಿ ಬೂದಿ ಆತು. ಅವ ಅವತ್ತು ಬಂದಿದ್ದ, ನೋಡಿದ್ದ, ಇನ್ನೊಮ್ಮೆ ಹೊಳ್ಳಿ ಬಂದಾಗ ಬೊಂಬು ಇಲ್ಲದ್ದು ಕಣ್ಣಾರೆ ಕಂಡಿದ್ದ. ಬಂದಿದ್ದೆ ಅಂದ್ರ, ಕಂಡೂ ಯಾಕ ಸುಮ್ಮನಿದ್ದಿ ಅಂತಾರ. ಬೊಂಬು ಬಿಚ್ಚಿದವ ಯಾರು ಅಂತಾರ. ಕಾಲು ಮುರಕೊಂಡು ಮಲಗಿದ ಅಣ್ಣನ ಹೆಸರು ಹೇಳಬೇಕು. ಬಿಸಿ ತುಪ್ಪ, ನುಂಗಾಕೂ ಬರಲಿಲ್ಲ, ಉಗುಳಾಕೂ ಬರಲಿಲ್ಲ. ಹೌದ್ರಿ, ನಾ ನೋಡಲಿಲ್ಲ ಅಂದ. ಆಕಿ ಇಬ್ಬರನ್ನೂ ನೋಡಿ, ಮತ್ತೇನರ ಐತೇನು ಅಂತ ಎರಡು ಸರ್ತಿ ಕೇಳಿದ್ಲು. ಇಬ್ಬರೂ ಇಲ್ರಿ ಅಂದ್ರು.

ಸೈಟಿನ ಹೆಣ್ಮಕ್ಕಳೂ ಬಾಯಿ ಬಿಡಲಿಲ್ಲ. ತಮ್ಮ ಸಲುವಾಗಿ ಬೊಂಬು ಬಿಚ್ಚಿದವನ ಮ್ಯಾಲ ಯಾವ ಬಾಯಿಂದ ಹೇಳ್ಯಾರು?

ಮುಂದ ಆಗಿದ್ದು ಏನಂದ್ರ, ಹೊಸಾ ಹಗ್ಗ ಬಂದ್ವು. ಅಟ್ಟಣಿಗಿ ಎಲ್ಲಾ ಬಿಚ್ಚಿ ಹೊಸಾ ಹಗ್ಗದಾಗ ಕಟ್ಟಿದ್ರು. ಗುತ್ತೇದಾರ ಹೆದರಿ ಅಮಿತಗ ಸೈಟಿಗೆ ಕಾಲಿಡಬ್ಯಾಡ ಅಂದ, ಅವನ ಜಾಗಾಕ್ಕ ಫಿರೋಜ ಅನ್ನೋ ಹುಡುಗನ್ನ ತಂದ. ಆ ಸುದ್ದಿ ಬಂದ ದಿನ ಸುವರ್ಣಾ ಹೋಳಿಗಿ ಮಾಡಿದ್ಲು. ಹಬ್ಬ ಇಲ್ಲ, ಹುಣ್ಣಿವಿ ಇಲ್ಲ, ಗಂಡ ಕಾಲು ಮುರಕೊಂಡು ಮಲಗ್ಯಾನ, ಈಕಿ ಕಡ್ಲಿಬ್ಯಾಳಿ ಕುದಿಸಿ ಹೂರಣ ರುಬ್ಬಾಕತ್ಲು. ಯಾಕ ಅಂದ್ರ ನಿಮ್ಮ ಮಗ ಬಯಸ್ಯಾರ ಅಂದ್ಲು. ಭುವನೇಶ್ವರಿ ತಾಟಿಗೂ ಎರಡು ಹಾಕಿದ್ಲು, ಮ್ಯಾಲ ತುಪ್ಪ ಸುರದ್ಲು, ಒಂದು ಚಮಚಾ ಜಾಸ್ತಿ. ಭುವನೇಶ್ವರಿ ತಾಟು ದೂಡಿ ಎದ್ದು ಹೋದ್ಲು. ಸುವರ್ಣಾನ ಮಾರಿ ಮ್ಯಾಲ ಅವತ್ತು ಕಂಡ ಬೆಳಕು ಆಕಿ ಮದಿವ್ಯಾಗೂ ನಾ ಕಂಡಿರಲಿಲ್ಲ.

ಮರುದಿನಾನ ಭುವನೇಶ್ವರಿ ಹಿತ್ತಲದಾಗ ಇನ್ನೊಂದು ಒಲಿ ಹೂಡಿದ್ಲು. ನನ್ನ ಜೀವ ಇರೂತನ ಒಲಿ ಎರಡು ಆಗಬಾರದು ಅಂತ ಕೂಗಾಡಿದೆ, ಕೇಳೋರಿಲ್ಲ. ಒಪ್ಪತ್ತು ಮುಂದಿನ ಒಲ್ಯಾಗ, ಒಪ್ಪತ್ತು ಹಿಂದಿನ ಒಲ್ಯಾಗ ಉಣ್ಣಾಕತ್ತಿದೆ. ಇಲ್ಲಿ ಉಂಡ್ರ ಅಲ್ಲಿ ಮಾರಿ ದಪ್ಪ, ಅಲ್ಲಿ ಉಂಡ್ರ ಇಲ್ಲಿ ಮಾರಿ ದಪ್ಪ. ಅಮಿತ ದಿನಾ ಮುಂಜಾನೆ ಬುತ್ತಿ ಇಲ್ಲದ ಹೊರಗ ಹೋಗಿ ಬಸ್ ಸ್ಟ್ಯಾಂಡಿನ್ಯಾಗ ಕೂತು ಬರ್ತಿದ್ದ. ಶ್ರೀಶೈಲ ಹೊರಸಿನ ಮ್ಯಾಲಿಂದ ಅದನ್ನ ನೋಡ್ತಿದ್ದ. ಅವಗ ಖುಷಿ ಆಗಿತ್ತು ಅಂತ ಅನಲಾರೆ. ಊಟ ಅರ್ಧಕ್ಕ ಬಿಡ್ತಿದ್ದ.

ಶ್ರೀಶೈಲನ ಜಾಗಾ ಖಾಲಿ ಇತ್ತಲ್ಲ, ಸುವರ್ಣಾ ಗುತ್ತೇದಾರಗ ಹೇಳಿ ತನ್ನ ತಮ್ಮ ಭೀಮೂನ ಅಲ್ಲಿ ಹಚ್ಚಿದ್ಲು. ಝಳಕಿಯಿಂದ ಬಂದ. ಗಟ್ಟಿ ಆಳು, ನಗಿಮಾರಿ. ಮುಂದಿನ ತಿಂಗಳು ಅವನ ಲಗ್ನ ಗೊತ್ತಾಗಿತ್ತು. ಸೈಟಿನ ಶೆಡ್ಡಿನ್ಯಾಗ ಉಳಕೊಂಡ. ನಮ್ಮ ಜಾಗಾ ನಮ್ಮ ಮಂದಿಗೆ ಸಿಕ್ತು ಅಂತ ಸುವರ್ಣಾ ಓಣಿಗೆಲ್ಲಾ ಹೇಳಿದ್ಲು, ದನಿ ಏರಿಸಿ, ಹಿತ್ತಲದ ಒಲಿಗೂ ಕೇಳೂಹಂಗ.

ಭೀಮು ಕೆಲಸಕ್ಕ ಹತ್ತಿ ಸ್ವಲ್ಪ ದಿನ ಆಗಿತ್ತು. ಮಧ್ಯಾಹ್ನ, ನಾ ಪಡಸಾಲ್ಯಾಗ ಜ್ವಾಳ ಹಸನ ಮಾಡಾಕತ್ತಿದ್ದೆ. ಸುವರ್ಣಾನ ಫೋನಿಗೆ ಅವ ವಿಡಿಯೋ ಹಚ್ಚಿದ. ನೋಡಕ್ಕಾ, ಮಾಮಾ ನಿಂತಿದ್ದ ಜಾಗಾದಾಗ ನಿಂತೇನಿ ಅಂದ. ಸುವರ್ಣಾ ಫೋನು ಗಂಡನ ಮಾರಿ ಮುಂದ ಹಿಡದ್ಲು. ಎಷ್ಟ ಎತ್ತರ ಅದೇನಿ ನೋಡು ಮಾಮಾ ಅಂತ ಭೀಮು ಫೋನು ಕೆಳಗ ತಿರುಗಿಸಿ ತೋರಿಸಿದ. ಕೆಳಗ ಹೆಣ್ಮಕ್ಕಳು ಪುಟ್ಟಿ ಹೊತಗೊಂಡು ತಲಿ ಬಗ್ಗಿಸದ ನೆಟ್ಟಗ ನಡಕೊಂಡು ಹೊಂಟಿದ್ರು.

ಶ್ರೀಶೈಲ ಎದ್ದು ಕೂತ. ಮುರದ ಕಾಲಿಂದು ಖಬರ ಇರಲಿಲ್ಲ.

“ಭೀಮು, ಕೆಳಗಿನ ಅಡ್ಡ ಬೊಂಬು ಎಲ್ಲೈತಿ?”

“ಮುಂಜಾನೆ ಬಿಚ್ಚಿದ್ನಿ ಮಾಮಾ. ಮೊದಲಿಂದ ನೀನೂ ಬಿಚ್ಚತಿದ್ದೆಂತ ಹೆಣ್ಮಕ್ಕಳು ಹೇಳಿದ್ರು” ಅಂದ ಭೀಮು. ಯಾರೋ ಮ್ಯಾಲ ಸಿಮೆಂಟು ಬಂತು ಅಂತ ಕರದ್ರು, ಫೋನು ಕಟ್ಟಾತು.

ಮತ್ತ ಹಚ್ಚಿದ್ರ ಎತ್ತಲಿಲ್ಲ. ಕೈಯಾಗ ಸಿಮೆಂಟು ಇದ್ದವ ಹ್ಯಾಂಗ ಎತ್ತ್ಯಾನು? ಏನಾತು, ಯಾಕ ಹಿಂಗ ಮಾಡಾಕತ್ತೀರಿ ಅಂತ ಸುವರ್ಣಾ ಗಂಡನ ಭುಜ ಹಿಡದು ಅಲ್ಲಾಡಿಸಿದ್ಲು. ಹಗ್ಗ ಸಡಲ ಇರಲಿಲ್ಲ ಅಂದ ಅವ. ಅಷ್ಟ ಅಂದ. ಆಕಿಗೆ ತಿಳೀತು. ಸೈಟಿನ್ಯಾಗ ಯಾರ ನಂಬರ ಐತಿ ಅಂತ ಕೇಳಿದ್ರ, ಅಮಿತನ ಹತ್ರ ಐತಿ ಅಂದ.

ಮೂರು ವಾರದಿಂದ ಮಾತು ಬಿಟ್ಟಾಕಿ ಸುವರ್ಣಾ, ಹಿತ್ತಲಕ ಓಡಿದ್ಲು. ಭುವನೇಶ್ವರಿ ಒಲಿ ಮುಂದ ಕೂತಿದ್ಲು, ಅಮಿತ ಉಣ್ಣಾಕತ್ತಿದ್ದ. ಭೀಮು ಬೀಳ್ತಾನ, ಅವನ್ನ ಇಳಸ್ರಿ ಅಂತ ಬೇಡಿಕೊಂಡ್ಲು. ಭುವನೇಶ್ವರಿ ಏಳಲಿಲ್ಲ.

“ಇಳಸಾಕ ಇವ್ರು ಯಾರಕ್ಕಾ? ಇವ್ರನ್ನ ಅಲ್ಲಿಂದ ತಗಸಿದವರು ನೀವ. ತಗಸಿದ ದಿನ ಹೋಳಿಗಿ ಬಡಸಿದ್ರಿ.”

 ಸುವರ್ಣಾ ಬಾಗಲದಾಗ ಹಂಗ ನಿಂತ್ಲು. ಆದ್ರ ಅಮಿತ ಅಷ್ಟರಾಗ ಎಂಜಲಗೈಲೆ ಎದ್ದು ಪಡಸಾಲಿಗೆ ಬಂದಿದ್ದ. ಬೊಂಬು ಬಿಚ್ಚ್ಯಾನೇನು ಅಂದ, ಶ್ರೀಶೈಲ ಗೋಣು ಹಾಕಿದ. ಅಮಿತ ಫಿರೋಜಗ ಫೋನು ಹಚ್ಚಿದ. ಎಲ್ಲಾರಿಗೂ ಕೇಳೂಹಂಗ ಇಟ್ಟಿದ್ದ.

“ಫಿರೋಜ, ಆ ಅಟ್ಟಣಿಗಿ ಮ್ಯಾಲಿಂದ ಎಲ್ಲಾರನ್ನೂ ಕೆಳಗ ಇಳಸು.”

“ಯಾಕ್ರಿ ಅಮಿತಣ್ಣ? ಹೊಸಾ ಹಗ್ಗ ಹಾಕೇವಿ, ಮೇಡಂ ಬರದು ಕೊಟ್ಟಂಗ ಎಲ್ಲಾ ಮಾಡೇವಿ. ಕಾರಣ ಇಲ್ಲದ ಕೆಲಸ ನಿಲ್ಲಿಸಿದ್ರ ನನ್ನ ಕೆಲಸ ಹೋಗತೈತಿ. ಕಾರಣ ಹೇಳ್ರಿ.”

ಅಮಿತ ಅಣ್ಣನ ಕಡೆ ನೋಡಿದ. ನೋಡ್ರಿ ಇವನ ಹಣೇಬಾರ, ಅಲ್ಲಿ ಒಂದು ಜೀವ ತೂಗಾಡಾಕತ್ತೈತಿ, ಇವಗ ಅಣ್ಣನ ಹೆಸರು ಹೇಳಾಕ ನಾಲಿಗಿ ಏಳವಲ್ದು. ಸುವರ್ಣಾ ಬಂದು ಗಂಡನ ಹೊರಸಿನ ಮುಂದ ನಿಂತ್ಲು. ಅಳಲಿಲ್ಲ.

“ನೀವ ಹೇಳ್ರಿ. ನನ್ನ ತಮ್ಮಗ ಏನರ ಆತಂದ್ರ, ಈ ಜನ್ಮದಾಗ ನನ್ನ ಕೈಯಿಂದ ನಿಮಗ ರೊಟ್ಟಿಲ್ಲ.”

ಶ್ರೀಶೈಲ ತಮ್ಮನ ಕೈಯಾಗಿನ ಫೋನು ಕಸಗೊಂಡ.

“ಫಿರೋಜ, ನಾ ಶ್ರೀಶೈಲ. ಹಗ್ಗ ಸಡಲ ಇರಲಿಲ್ಲ, ನಾ ಸುಳ್ಳ ಹೇಳಿದ್ದೆ. ಕೆಳಗಿನ ಅಡ್ಡ ಬೊಂಬು ನಾನ ಬಿಚ್ಚಿದ್ದೆ, ಅದಕ್ಕ ಬಿದ್ದೆ. ಈಗ ಭೀಮುನೂ ಬಿಚ್ಚ್ಯಾನ. ಇಳಸಪ್ಪ ಅವನ್ನ.”

ಆ ಕಡೆ ಫಿರೋಜ ಓಡಿದ್ದು ಕೇಳಿಸ್ತು, ಸೀಟಿ ಊದಿದ್ದು ಕೇಳಿಸ್ತು. ಆಮ್ಯಾಲ ಗದ್ದಲ, ಯಾರ ಮಾತೂ ತಿಳೀಲಿಲ್ಲ. ಭುವನೇಶ್ವರಿನೂ ಹಿತ್ತಲದಿಂದ ಬಂದು ಗ್ವಾಡಿಗೆ ಆತು ನಿಂತಿದ್ಲು. ಎಷ್ಟ ಹೊತ್ತಾತೋ, ನನಗ ಒಂದು ಯುಗ ಆದಂಗಾತು. ಕಡೀಕ ಭೀಮುನ ದನಿ ಬಂತು, ಏನಾತಕ್ಕಾ, ಕೆಲಸ ಅರ್ಧಕ್ಕ ಬಿಡಿಸಿ ಯಾಕ ಇಳಿಸಿದ್ರಿ ಅಂದ. ಸುವರ್ಣಾ ಅಲ್ಲೇ ನೆಲಕ್ಕ ಕೂತು ಅವಗ ಬಾಯಿಗೆ ಬಂದಂಗ ಬೈದ್ಲು, ಬೈಕೋತ ಅತ್ಲು. ಆಮ್ಯಾಲ ಫಿರೋಜ ಹೇಳಿದ, ಬೊಂಬು ತಂದು ಮತ್ತ ಕಟ್ಟಾಕ ಹೋದ್ರ ಅದು ಮೊದಲಿನ ಜಾಗಾಕ್ಕ ಕೂಡಲಿಲ್ಲಂತ. ಕಂಬ ಆಗಲೇ ಒಂದು ಗೇಣು ಆಚೆ ಸರದಿದ್ವಂತ.

ಶಿವಾನಿ ಮತ್ತ ಬಂದ್ಲು. ಈ ಸರ್ತಿ ಎಲ್ಲಾರನ್ನೂ ಕೂಡಿಸಿದ್ಲು, ನನ್ನನ್ನೂ. ಸುಳ್ಳ ಯಾಕ ಹೇಳಿದ್ರಿ ಅಂತ ಬೈತಾಳ ಅಂತ ಮಾಡಿದ್ದೆ, ಬೈಲಿಲ್ಲ. ಬೊಂಬು ಯಾಕ ಬಿಚ್ಚಿದ್ರಿ ಅಂತಷ್ಟ ಕೇಳಿದ್ಲು. ಹೆಣ್ಮಕ್ಕಳ ಪುಟ್ಟಿ ತಾಕತಿತ್ತು ಅಂದ ಶ್ರೀಶೈಲ. ಹಂಗಿದ್ರ ದಾರಿ ಬ್ಯಾರೆ ಕಡೆ ಮಾಡ್ರಿ ಅಂತ ಹೇಳಬಹುದಿತ್ತಲ್ಲ ಅಂದ್ಲು ಆಕಿ.

“ಯಾರಿಗೆ ಹೇಳಬೇಕಿತ್ರಿ? ಇವಗ. ತಮ್ಮನ ಮುಂದ ಕೈಕಟ್ಟಿ ನಿಂತು, ಸಾಹೇಬ್ರ ಇದನ್ನ ಬದಲಿ ಮಾಡ್ರಿ ಅನಬೇಕಿತ್ತು. ಹೊಟ್ಟಿಕಿಚ್ಚ್ರಿ. ಹೆಣ್ಮಕ್ಕಳದು ಒಂದು ನೆವ. ಇವ ಕಟ್ಟಿಸಿದ್ದು ಅಂತನ ದಿನಾ ಬಿಚ್ಚತಿದ್ದೆ.”

ಸುವರ್ಣಾ ಸೆರಗು ಬಾಯಿಗೆ ಹಿಡಕೊಂಡು ನೆಲ ನೋಡಿದ್ಲು. ಶಿವಾನಿ ಅಮಿತನ ಕಡೆ ತಿರುಗಿದ್ಲು. ಅವತ್ತು ನೀವು ನೋಡಿದ್ರೇನು ಅಂತ ಕೇಳಿದ್ರ, ನೋಡಿದ್ದೆರಿ ಅಂದ. ಮತ್ತ ಯಾಕ ಸುಮ್ಮನಿದ್ರಿ ಅಂದ್ಲು.

“ಅಣ್ಣಗ ನಾಲ್ಕ ಮಂದ್ಯಾಗ ಹ್ಯಾಂಗ ಬೈಯೋದ್ರಿ? ಸಂಜೀಕ ಮನ್ಯಾಗ ಮೆಲ್ಲಕ ಹೇಳಿದ್ರಾತು ಅಂತ ಬಿಟ್ಟೆ. ಸಂಜಿ ಆಗೋದ್ರಾಗ ಬಿದ್ದ.”

ಅದನ್ನ ಅವಗ ಕಲಿಸಿದಾಕಿ ನಾನ. ಮೊಳಕಾಲಿಗೆ ಕೈ ಊರಿ ಎದ್ದು ಚಾಕ್ಕ ಇಡ್ತೇನಿ ಅಂತ ಒಳಗ ಹೋದೆ. ಅಲ್ಲಿ ಕೂಡಾಕ ನನಗ ಆಗಲಿಲ್ಲ. ಚಾ ಕುದ್ದು ಉಕ್ಕಿತು, ನೋಡಕೋತ ನಿಂತಿದ್ದೆ.

ಶಿವಾನಿ ಬರದದ್ದು ಎರಡ ಮಾತು. ಪುಟ್ಟಿ ಹೊರೋ ದಾರಿ ಅಟ್ಟಣಿಗಿ ಕೆಳಗ ಇರಬಾರದು, ಕಟ್ಟಡದ ಇನ್ನೊಂದು ಮಗ್ಗಲಕ ಇರಬೇಕು. ತಮ್ಮನ ಕೈಯಾಗ ಅಣ್ಣನ ತಪಾಸಣಿ ಕೊಡಬಾರದು. ಇವರಿಬ್ಬರದ ಅಲ್ಲ, ಯಾವ ಸೈಟಿನ್ಯಾಗೂ, ಯಾರ ಮನಿ ಮಂದೀದೂ. ಯಾರ ತಪ್ಪು ಅಂತ ಒಂದು ಸಾಲೂ ಬರೀಲಿಲ್ಲ. ಬಾಯಿಲೆ ಅಂದದ್ದನ್ನ ಆಕಿ ಖರೇನ ಮಾಡಿದ್ಲು, ನಾವ ನಂಬಿರಲಿಲ್ಲ.

ಅಮಿತಗ ಕೆಲಸ ತಿರುಗಿ ಸಿಕ್ತು, ಆದ್ರ ಬಾಗೇವಾಡ್ಯಾಗ ಅಲ್ಲ, ಮುದ್ದೇಬಿಹಾಳದಾಗ. ಅಲ್ಲಿ ಬಾಡಿಗಿ ಮನಿ, ಮನಿ ಒಳಗ ನಳ, ಭುವನೇಶ್ವರಿಗೆ ತನ್ನದ ಒಲಿ, ತನ್ನದ ಕೀಲಿಕೈ. ಸುವರ್ಣಾಗ ಮತ್ತ ಹೊಟ್ಟಿ ಉರೀತು. ತಪ್ಪು ಮುಚ್ಚಿಟ್ಟವ್ರಿಗೆ ಬ್ಯಾರೆ ಮನಿ, ಹೊರಸಿನ ಮ್ಯಾಲ ಇರೋರಿಗೆ ಇದ ಪಡಸಾಲಿ ಅಂತ ತಿಕ್ಕಿದ ಭಾಂಡೆ ನೆಲಕ್ಕ ಬಡಕೋತ ಅಂದ್ಲು. ನಿನ್ನ ತಮ್ಮ ಜೀವಂತ ಅದಾನಲ್ಲವ್ವ ಅಂದೆ. ಅದೂ ಖರೆ ಬಿಡ್ರಿ ಅತ್ತಿ ಅಂದು, ಇನ್ನೊಂದು ಭಾಂಡೆ ಬಡದ್ಲು. ಆದ್ರ ಅವ್ರು ಹೊಂಟ ದಿನ ಆಕಿನ ನಸಿಕಿಲೆ ಎದ್ದು ಖಡಕ್ ರೊಟ್ಟಿ ಮಾಡಿ, ಶೇಂಗಾ ಹಿಂಡಿ ಕುಟ್ಟಿ ಗಂಟು ಕಟ್ಟಿಕೊಟ್ಲು. ಭುವನೇಶ್ವರಿ ಗಂಟು ತಗೊಂಡು, ಭೀಮುನ ಲಗ್ನಕ್ಕ ಬರ್ತೇವಕ್ಕಾ ಅಂದ್ಲು. ತುಪ್ಪದ ಮಾತು ಇಬ್ಬರೂ ಎತ್ತಲಿಲ್ಲ.

ಸಾಮಾನು ಟೆಂಪೋದಾಗ ಹಾಕಿದ್ರು. ಓಣಿ ಮಂದಿ ಎಲ್ಲಾ ಬಾಗಲಿಗೆ ಬಂದು ನಿಂತಿದ್ರು. ಶ್ರೀಶೈಲ ಬಗಲಾಗ ಬಡಿಗಿ ಹಿಡಕೊಂಡು, ಯಾರಿಗೂ ಹೇಳದ ಒಬ್ಬನ ಹೊರಗ ಬಂದು, ಕಟ್ಟಿ ಅಂಚಿಗೆ ನಿಂತಿದ್ದ. ಕಾಲು ಇನ್ನೂ ಕೂಡಿರಲಿಲ್ಲ, ಬಡಿಗಿ ತುದಿ ಅರ್ಧ ಕಟ್ಟಿ ಮ್ಯಾಲ, ಅರ್ಧ ಹೊರಗ. ಅಮಿತ ಟೆಂಪೋ ಹತ್ತಾವ ಅದನ್ನ ನೋಡಿದ. ಹತ್ತಿದ ಕಾಲು ಕೆಳಗ ಇಟ್ಟ.

“ಅಣ್ಣಾ, ನಿನಗ ಬುದ್ಧಿ ಐತೋ ಇಲ್ಲೋ? ಅಂಚಿನ್ಯಾಗ ನಿಂತೀಯಲ್ಲ, ಬಿದ್ದು ಇನ್ನೊಂದು ಕಾಲೂ ಮುರಕೋಬೇಕಂತ ಮಾಡೀಯೇನು? ಹಿಂದ ಸರಿ. ಕೂಡು ಕೆಳಗ.”

ಓಣಿ ಮಂದಿ ಎಲ್ಲಾ ಕೇಳಿದ್ರು. ಅಣ್ಣಗ ಹಂಗ ಅನಬಾರದಪ್ಪ ಅನ್ನಾಕ ನಾ ಬಾಯಿ ತಗದೆ. ತಗದ ಬಾಯಿ ಹಂಗ ಮುಚ್ಚಿದೆ. ಶ್ರೀಶೈಲ ತಮ್ಮನ ಮಾರಿ ನೋಡಿದ, ಮಂದೀನ ನೋಡಿದ, ಹಿಂದ ಸರದು ಕೂತ.